ಪಥ್ಯದ ಗೆಲುವು

ತೂಕದ ಮಷೀನಿನ ಮೇಲೆ ಹತ್ತಿ ನಿಂತಾಗ ಅವನು ಬೇಕೆಂದೇ ಮೈಯ ಭಾರವನ್ನೆಲ್ಲ ನೋಯದ ಕಾಲಿನ ಮೇಲೆ ಬಿಟ್ಟ. ಹಾಗೆ ಬಿಟ್ಟರೆ ಮುಳ್ಳು ಒಂದಿಷ್ಟು ಮೇಲಕ್ಕೆ ಹೋದೀತು ಎಂಬ ಆಸೆ. ಮುಳ್ಳು ಅವನ ಆಸೆಗೆ ಸೊಪ್ಪು ಹಾಕಲಿಲ್ಲ. ಹೋದ ವಾರ ನಿಂತ ಜಾಗಕ್ಕಿಂತ ಕೆಳಗೆ ಬಂದು, ಸ್ವಲ್ಪ ನಡುಗಿ, ನಿಂತುಬಿಟ್ಟಿತು. ಹೆಂಡತಿ ಬಗ್ಗಿ, ಕನ್ನಡಕ ಏರಿಸಿಕೊಂಡು ಮುಳ್ಳನ್ನು ನೋಡಿದಳು. ನೆಟ್ಟಗಾದಾಗ ಅವಳ ಮುಖ ಪರೀಕ್ಷೆ ಪಾಸಾದ ಹುಡುಗಿಯ ಮುಖವಾಗಿತ್ತು. "ಮತ್ತೆ ಇಳಿದಿದೆ ರೀ! ನಾನು ಹೇಳಿರಲಿಲ್ವಾ? ಎಣ್ಣೆ ಉಪ್ಪು ಬಿಟ್ರೆ ಎಂಥಾ ಕೊಬ್ಬಾದ್ರೂ ಬಾಲ ಮುದುರ್ಕೊಂಡು ಓಡುತ್ತೆ ಅಂತ." ಅವನು ಇಳಿಯುವ ಮೊದಲೇ ಅವಳು ಅಡುಗೆಮನೆಯ ಕಿಟಕಿಗೆ ಹೋಗಿ ಎದುರು ಮನೆಯಾಕೆಗೆ ಕೂಗಿ ಹೇಳಿಯೂ ಆಗಿತ್ತು. ಆಕೆ ಆ ಕಡೆಯಿಂದ, "ನಿಮ್ಮ ಕೈಗೊಂದು ಬಂಗಾರದ ಬಳೆ ಮಾಡಿಸ್ಕೊಡೋಕೆ ಹೇಳಿ ಅವರಿಗೆ," ಎಂದಳು. ಇಬ್ಬರೂ ನಕ್ಕರು. ಅವನು ಒಂದು ಕಾಲು ಎತ್ತಿಕೊಂಡು, ಗೋಡೆ ಹಿಡಿದು, ಮಷೀನಿನಿಂದ ಇಳಿದ. ಅವಳ ನಗು ಅವನಿಗೆ ಇಷ್ಟವಾಗುತ್ತಿತ್ತು. ಅದೇ ಕಷ್ಟವಾಗಿತ್ತು.

ಇವಳ ಕೈಯಲ್ಲಿ ಜೇನೂ ಸಪ್ಪೆ ಎಂದು ಅವನ ತಾಯಿ ಬದುಕಿದ್ದಷ್ಟು ಕಾಲವೂ ಹೇಳುತ್ತಿದ್ದಳು. ಬಂದ ನೆಂಟರ ಎದುರಿಗೇ ಹೇಳುತ್ತಿದ್ದಳು. ಅವನು ತಟ್ಟೆಯ ಮೇಲೆ ತಲೆ ಬಗ್ಗಿಸಿ, ಕೇಳಿಸದವನ ಹಾಗೆ ಉಣ್ಣುತ್ತಿದ್ದ. ತಾಯಿ ಹೋದ ಮೇಲೂ ಆ ಮಾತು ಮನೆಯಲ್ಲಿ ಉಳಿದಿತ್ತು: ಹೆಂಡತಿ ಬಡಿಸಿ ಒಂದು ಗಳಿಗೆ ನಿಂತು ಅವನ ಮುಖ ನೋಡುವುದರಲ್ಲಿ, ಅವನು ಏನೂ ಹೇಳದಿದ್ದಾಗ ತಾನೇ "ಸ್ವಲ್ಪ ಸಪ್ಪೆ ಆಯ್ತೇನೋ" ಎನ್ನುವುದರಲ್ಲಿ. ಈಗ ನೋಡಿದರೆ ಸಪ್ಪೆಯೇ ಔಷಧವಾಗಿತ್ತು. ಅವನ ಬಲಗಾಲಿನ ಹೆಬ್ಬೆರಳ ಗಂಟಿನಲ್ಲಿ ಗೌಟ್ ಬಂದು ಕೂತು ವರ್ಷಗಳಾಗಿದ್ದವು; ರಕ್ತದಲ್ಲಿ ಯೂರಿಕ್ ಆಸಿಡ್ ಜಾಸ್ತಿಯಾಗಿ ಗಂಟಿನಲ್ಲಿ ಗಾಜಿನ ಪುಡಿಯ ಹಾಗೆ ಸೇರಿಕೊಳ್ಳುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ಮಾಂಸ ಬಿಡಬೇಕು, ಮೈ ಇಳಿಸಬೇಕು ಎಂದದ್ದೇ ತಡ, ಹೆಂಡತಿ ಸೆರಗು ಕಟ್ಟಿ ನಿಂತಳು. ಬೇಯಿಸಿದ ತರಕಾರಿ, ಬೇಯಿಸಿದ ಕಾಳು, ಬೇಯಿಸಿದ್ದನ್ನೇ ಇನ್ನೊಮ್ಮೆ ಬೇಯಿಸಿದಂತಿದ್ದ ಇನ್ನೇನೋ. ತೂಕ ಇಳಿಯತೊಡಗಿದಾಗ ಆ ಬೀದಿಯ ಹೆಂಗಸರೆಲ್ಲ ಬಂದು ಅವಳನ್ನು ಕೇಳಿಕೊಂಡು ಹೋದರು. ಅವಳನ್ನು ಅಡುಗೆಯ ವಿಷಯಕ್ಕೆ ಯಾರಾದರೂ ಏನಾದರೂ ಕೇಳಿದ್ದು ಅದೇ ಮೊದಲು. "ಸಂಜೆ ಡಾಕ್ಟ್ರ ಹತ್ರ ನಾನೂ ಬರ್ತೀನಿ," ಎಂದು ಊಟದ ಡಬ್ಬಿಯ ಮುಚ್ಚಳ ಒತ್ತುತ್ತ ಹೇಳಿದಳು, "ಅವರೇನಂತಾರೆ ನಾನೇ ಕೇಳ್ಬೇಕು."

ಡಬ್ಬಿ ಹಿಡಿದು ಕುಂಟುತ್ತ ಅಂಗಡಿಯ ಕಡೆ ನಡೆದ. ಚಪ್ಪಲಿಯ ಪಟ್ಟಿಯನ್ನು ಹೆಬ್ಬೆರಳಿಗೆ ತಾಗದಂತೆ ತಾನೇ ಕತ್ತರಿಸಿಕೊಂಡಿದ್ದ; ಹಾಗಾಗಿ ಆ ಕಾಲು ಚಪ್ಪಲಿಯೊಳಗೆ ಇದ್ದೂ ಇಲ್ಲದಂತಿತ್ತು. ಡಬ್ಬಿಯಲ್ಲಿದ್ದದ್ದು ಒಂದು ದಿನವೂ ಅವನ ಹೊಟ್ಟೆ ಸೇರಿರಲಿಲ್ಲ. ಮೊದಲ ದಿನ ಅಂಗಡಿಯ ಹಿಂದೆ ಬಿದ್ದಿರುತ್ತಿದ್ದ ನಾಯಿಗೆ ಹಾಕಿದ್ದ. ಅದು ಮೂಸಿ ನೋಡಿ, ಅವನ ಮುಖವನ್ನೂ ನೋಡಿ, ಎದ್ದು ಹೋಗಿತ್ತು. ಆಮೇಲೆ ಮೋರಿಗೆ ಸುರಿದು, ಡಬ್ಬಿಯನ್ನು ನಲ್ಲಿಯಲ್ಲಿ ತೊಳೆದು, ಮೂಲೆಯ ಹೋಟೆಲಿಗೆ ಹೋಗಿ ಹುರಿದ ಲಿವರ್ ತರಿಸಿಕೊಂಡು ತಿನ್ನುವುದು ರೂಢಿಯಾಯಿತು. ಡಾಕ್ಟರಮ್ಮ ಎಲ್ಲಕ್ಕಿಂತ ಮೊದಲು ಬೇಡ ಎಂದದ್ದು ಅದನ್ನೇ. ಸಂಜೆ ಅಂಗಡಿ ಮುಚ್ಚಿದ ಮೇಲೂ ಅಲ್ಲಿಗೇ ಹೋಗುತ್ತಿದ್ದ. ಮನೆಗೆ ಬಂದು, ಏನೂ ಅರಿಯದವನ ಹಾಗೆ, ಹೆಂಡತಿ ಬಡಿಸಿದ್ದನ್ನೂ ಉಣ್ಣುತ್ತಿದ್ದ. ಹೆಬ್ಬೆರಳು ಕೆಂಡವಾಗಿ, ಮೈಮೇಲಿನ ಹೊದಿಕೆಯ ಅಂಚು ತಾಗಿದರೂ ಜೀವ ಹೋಗುವಂತಾದಾಗ, ಅವನ ತಂಗಿಯ ಮನೆಯಲ್ಲಿ ಉಂಡದ್ದೇ ಕಾರಣ ಎಂದು ಹೆಂಡತಿ ತೀರ್ಮಾನಿಸಿ ತಂಗಿಯ ಜೊತೆ ಮಾತು ಬಿಟ್ಟಳು. ಅದನ್ನೂ ಅವನು ತಡೆಯಲಿಲ್ಲ. ಇಷ್ಟು ತಿಂದೂ ಮೈ ಇಳಿಯುತ್ತಿದೆಯಲ್ಲ ಎಂದು ಮೊದಮೊದಲು ಅವನಿಗೆ ಒಳಗೊಳಗೇ ಕುಶಿಯಾಗಿತ್ತು. ಕಳ್ಳನಿಗೆ ದಾರಿ ತೋರಿಸಲು ದೇವರೇ ದೀಪ ಹಿಡಿದ ಹಾಗೆ. ಆಮೇಲೆ ಒಂದು ದಿನ, ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದಾಗ, ತನ್ನ ಪ್ಯಾಂಟಿನ ಸೊಂಟವನ್ನು ಮೂರನೇ ಸಲ ಬಿಚ್ಚಿ ಚಿಕ್ಕದು ಮಾಡುತ್ತಿದ್ದವನ ಕೈ ಹಾಗೇ ನಿಂತುಬಿಟ್ಟಿತು.

ಅವನು ಆ ದರ್ಜಿ ಅಂಗಡಿಯ ಕಟ್ಟರ್. ಅಳತೆ ತೆಗೆಯುವುದು, ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಹಾಕುವುದು, ಕತ್ತರಿಸುವುದು ಅವನ ಕೆಲಸ; ಹೊಲಿಯುವವರು ಒಳಗಿದ್ದರು. ಜನರ ಮೈಯ ಸುತ್ತ ಟೇಪು ಸುತ್ತಿಯೇ ತಲೆ ಬೆಳ್ಳಗಾಗಿತ್ತು. ಬೇಕೆಂದು ಇಳಿಸಿದ ಮೈ ಬೇರೆ, ತಾನಾಗಿ ಇಳಿದ ಮೈ ಬೇರೆ ಎಂದು ಟೇಪಿಗೆ ತಿಳಿಯುತ್ತಿತ್ತು. ಬೇಕೆಂದು ಇಳಿಸಿದವರ ಹೊಟ್ಟೆ ಹೋಗಿರುತ್ತದೆ, ಭುಜ ಭುಜವಾಗಿಯೇ ಇರುತ್ತದೆ. ಇನ್ನೊಂದು ಬಗೆಯವರ ಕಾಲರು ಕುತ್ತಿಗೆಯಿಂದ ದೂರ ನಿಲ್ಲುತ್ತದೆ, ಭುಜದ ಹೊಲಿಗೆ ತೋಳಿಗೆ ಜಾರುತ್ತದೆ. ಆದರೆ ಮೈಯ ಬಗ್ಗೆ ಗಿರಾಕಿಗೆ ಹಿತವಾದದ್ದನ್ನೇ ಹೇಳಬೇಕು, ಇಲ್ಲವೇ ಬಾಯಿ ಮುಚ್ಚಿಕೊಂಡಿರಬೇಕು ಎಂಬುದು ಅಂಗಡಿಯ ಕಟ್ಟುನಿಟ್ಟು. ಯಜಮಾನರು ಕೆಲಸಕ್ಕೆ ಸೇರಿಸಿಕೊಂಡ ದಿನವೇ ಹೇಳಿದ್ದರು: ಬಂದವರು ಕನ್ನಡಿ ನೋಡೋಕೆ ಬಂದಿರ್ತಾರೆ ಕಣಯ್ಯ, ಸತ್ಯ ನೋಡೋಕಲ್ಲ. ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಮುದುಕರೊಬ್ಬರು ಒಂದೇ ಪ್ಯಾಂಟನ್ನು ಚಿಕ್ಕದು ಮಾಡಿಸಲು ಮತ್ತೆ ಮತ್ತೆ ಬಂದಾಗ ಅವನು ಮೊಣಕಾಲೂರಿ ಕೂತು, ಸೊಂಟದ ಹತ್ತಿರ ಬಟ್ಟೆಯನ್ನು ಚಿವುಟಿ ಹಿಡಿದು, "ಏನ್ ಸಾರ್, ಮದುವೆ ಗಂಡಿನ ಹಾಗಾಗ್ಬಿಟ್ರಿ," ಎಂದಿದ್ದ. ಅವರು ಎಷ್ಟು ಸಂತೋಷಪಟ್ಟರು! ಕೊನೆಯ ಸಲದ ಪ್ಯಾಂಟನ್ನು ಒಯ್ಯಲು ಅವರ ಹೆಂಡತಿ ಬಂದರು. ಬಂದವರು ಕೂಲಿ ಕೊಟ್ಟು, ಪೊಟ್ಟಣ ಮಾತ್ರ ಅಲ್ಲೇ ಬಿಟ್ಟು, "ಇರಲಿ, ಯಾರಿಗಾದ್ರೂ ಕೊಡಿ," ಎಂದು ಹೋದರು. ಮದುವೆ ಗಂಡು ಎಂಬ ಮಾತು ಅವನ ಗಂಟಲಲ್ಲಿ ಬಹಳ ದಿನ ಮುಳ್ಳಾಗಿ ಚುಚ್ಚಿತ್ತು. ಈಗ ಕನ್ನಡಿಯಲ್ಲಿ ತನ್ನ ಅಂಗಿಯ ಭುಜ ನೋಡಲು ಅವನಿಗೆ ಧೈರ್ಯವಿರಲಿಲ್ಲ. ಕನ್ನಡಿ ಇದ್ದದ್ದು ಅವನ ಮೇಜಿನ ಎದುರಿಗೇ.

ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಕೋಟು ಹೊಲಿಯಲು ಕೊಟ್ಟಿದ್ದಳು. ಮನೆಯಲ್ಲಿ ತೂಕ ನೋಡಿದ ಆ ದಿನವೇ ಟ್ರಯಲ್‌ಗೆ ಬಂದಳು. ಮರುದಿನವೇ ಯಾವುದೋ ಸಭೆಯಲ್ಲಿ ಅವಳ ಭಾಷಣ. ಕನ್ನಡಿಯ ಮುಂದೆ ನಿಂತು, ಒಂದು ಕೈಯಲ್ಲಿ ಫೋನು ಹಿಡಿದು, ಗೆಳತಿಗೆ ಭಾಷಣ ಒಪ್ಪಿಸುತ್ತಿದ್ದಳು; ಅವನು ಬಾಯಲ್ಲಿ ಗುಂಡುಸೂಜಿಗಳನ್ನು ಕಚ್ಚಿಕೊಂಡು ಬೆನ್ನಿನ ಹೊಲಿಗೆ ಸರಿಮಾಡುತ್ತಿದ್ದ. ಮಾತು ಅರ್ಧ ಅರ್ಥವಾಗುತ್ತಿತ್ತು, ಅರ್ಧ ಇಲ್ಲ. ಕಾಲಿನ ಗಂಟು, ಯೂರಿಕ್ ಆಸಿಡ್ ಎಂಬುದು ಕಿವಿಗೆ ಬಿದ್ದಾಗ ಅವನ ಕೈ ನಿಧಾನವಾಯಿತು. "ಗೌಟ್ ಇರೋರಲ್ಲಿ ಕೆಲವು ಥರದ ಕ್ಯಾನ್ಸರ್ ಸ್ವಲ್ಪ ಜಾಸ್ತಿ ಕಾಣ್ಸುತ್ತೆ," ಎಂದಳು ಹುಡುಗಿ ಫೋನಿಗೆ. "ಮೂತ್ರಪಿಂಡ, ಮೂತ್ರಕೋಶ, ಹೊಟ್ಟೆ ಕಡೇದು... ಗೌಟೇ ಕಾರಣ ಅಂತ ನಾವು ಹೇಳೋ ಹಾಗಿಲ್ಲ. ಎರಡೂ ಒಂದೇ ಮನೇಲಿ ಹುಟ್ಟಿದ್ದಿರಬಹುದು." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನು ನಿಜವಾಗಿಯೂ ಎಡಗೈಯನ್ನು ತನ್ನ ಬಲ ಹೆಗಲಿಗೆ ಒಯ್ದ. ಹೊಲಿಗೆ ಎಲ್ಲಿರಬೇಕೋ ಅಲ್ಲಿರಲಿಲ್ಲ. ಬಾಯಲ್ಲಿ ಸೂಜಿಗಳಿದ್ದದ್ದರಿಂದ ಏನೂ ಕೇಳುವಂತಿರಲಿಲ್ಲ, ಅದು ಒಳ್ಳೆಯದೇ ಆಯಿತು ಎಂದುಕೊಂಡ. ಆದರೆ ಸೂಜಿಗಳು ಒಂದೊಂದಾಗಿ ಕೋಟಿಗೆ ಹೋಗಿ ಬಾಯಿ ಖಾಲಿಯಾಯಿತು. ಹುಡುಗಿಯ ಫೋನೂ ಮುಗಿಯಿತು. ಈಗ ಬಾಯಿ ಮುಚ್ಚಿಕೊಂಡಿರಲು ನೆಪವೇ ಉಳಿಯಲಿಲ್ಲ.

"ಅಮ್ಮಾ, ಒಂದು ಮಾತು," ಎಂದ. "ನೀವು ಈಗ ಹೇಳಿದ್ರಲ್ಲ, ಕಾಲು ನೋವಿಂದು..."

ಹುಡುಗಿ ಕನ್ನಡಿಯಲ್ಲೇ ಅವನ ಕಾಲಿನ ಕಡೆ, ಕತ್ತರಿಸಿದ ಚಪ್ಪಲಿಯ ಕಡೆ ನೋಡಿದಳು. ಅವಳ ಮುಖ ಸಪ್ಪಗಾಯಿತು. "ಅಯ್ಯೋ, ನಿಮಗಿದ್ಯಾ? ನೋಡಿ, ನಾನು ಬಾಯಿಗೆ ಬಂದದ್ದು ಒದರ್ತಾ ನಿಂತಿದ್ದೆ. ಹೆದರ್ಕೋಬೇಡಿ. ಲೆಕ್ಕದಲ್ಲಿ ಚೂರು ವ್ಯತ್ಯಾಸ, ಅಷ್ಟೇ. ಗೌಟ್ ಇರೋ ಬಹಳಷ್ಟು ಜನಕ್ಕೆ ಅದರ ಗಾಳಿಯೂ ಸೋಕಲ್ಲ."

"ಹಾಗಲ್ಲ. ಯಾವಾಗ ಹೆದರ್ಕೋಬೇಕು ಅಂತ ಕೇಳ್ದೆ."

ಅವಳು ಸ್ವಲ್ಪ ಯೋಚಿಸಿದಳು. ಭಾಷಣದ ದನಿ ಹೋಗಿ ಮನೆಯ ದನಿ ಬಂದಿತ್ತು. "ಮೂತ್ರದಲ್ಲಿ ರಕ್ತ ಹೋದ್ರೆ ತೋರಿಸ್ಬೇಕು. ಕಾರಣ ಇಲ್ದೆ ತೂಕ ಇಳಿದ್ರೆ ತೋರಿಸ್ಬೇಕು. ಅದು ಗೌಟ್ ಇರ್ಲಿ ಬಿಡ್ಲಿ, ಯಾರಾದ್ರೂ ಅಷ್ಟೇ." ಆಮೇಲೆ, ಅವನನ್ನು ಸಮಾಧಾನ ಮಾಡಬೇಕೆಂದೇ ಇರಬೇಕು, ನಕ್ಕು ಸೇರಿಸಿದಳು: "ನೀವೂ ಇಳಿದಿದ್ದೀರಿ ಅನ್ಸುತ್ತೆ, ಆದ್ರೆ ಪಥ್ಯ ಮಾಡ್ತಿರ್ತೀರಿ ಅಲ್ವಾ? ಗೌಟ್‌ಗೆ ಎಲ್ಲರೂ ಮಾಡಿಸ್ತಾರೆ. ಅದಕ್ಕೆ ಕಾರಣ ಇದ್ಯಲ್ಲ."

"ಹೌದು, ಹೌದು. ಮನೇಲಿ ಬಹಳ ಕಟ್ಟುನಿಟ್ಟು," ಎಂದ ಅವನು, ತನ್ನ ಬಾಯಿಂದಲೇ.

ಮಧ್ಯಾಹ್ನ ಡಬ್ಬಿ ಖಾಲಿ ಮಾಡಲು ಮೋರಿಯ ಹತ್ತಿರ ಹೋದವನು ಮುಚ್ಚಳ ತೆಗೆದು ಸುಮ್ಮನೆ ನಿಂತ. ಅವಳು ತರಕಾರಿಯನ್ನು ಒಂದೇ ಅಳತೆಗೆ ಹೆಚ್ಚಿದ್ದಳು, ಕಟ್ಟರನಿಗಿಂತ ಅಚ್ಚುಕಟ್ಟು. ಕಾರಣ ಇದೆಯಲ್ಲ. ಹುಡುಗಿಗೂ ಕಾರಣವಿತ್ತು, ಎದುರು ಮನೆಯಾಕೆಗೂ ಇತ್ತು, "ಪ್ರಾಯ ತಿರುಗ್ತಾ ಇದ್ಯಲ್ಲಯ್ಯ ನಿನಗೆ" ಎಂದು ತಮಾಷೆ ಮಾಡುವ ಯಜಮಾನರಿಗೂ ಇತ್ತು, ಹೆಂಡತಿಯಂತೂ ತಾನೇ ಆ ಕಾರಣವಾಗಿದ್ದಳು. ಭೂಮಿಯ ಮೇಲೆ ಅವನೊಬ್ಬನಿಗೇ ಕಾರಣ ಇರಲಿಲ್ಲ. ಅವನು ಹೇಳದಿದ್ದರೆ ಇನ್ನು ಯಾರೂ ಹೇಳುವವರಿರಲಿಲ್ಲ. ಇನ್ನೊಂದೂ ಇತ್ತು. ಎರಡು ಮೂರು ಸಲ, ಬೆಳಿಗ್ಗೆ, ಬಚ್ಚಲಲ್ಲಿ, ಹಾಲು ಹಾಕದ ಚಹಾದ ಬಣ್ಣ. ಗೌಟಿನ ಮಾತ್ರೆಯದ್ದಿರಬೇಕು ಎಂದು ನೀರು ಸುರಿದಿದ್ದ. ಆಮೇಲೆ ಬಾಗಿಲಾಚೆ ಹೆಂಡತಿಗೆ ಕೇಳಿಸದ ಹಾಗೆ ಮತ್ತೊಂದು ತಂಬಿಗೆ ಸುರಿದಿದ್ದ. ಮಾತ್ರೆಗೆ ಎರಡನೇ ತಂಬಿಗೆ ಯಾಕೆ ಬೇಕಿತ್ತು? ಡಬ್ಬಿಯಲ್ಲಿದ್ದದ್ದನ್ನು ಇವತ್ತಾದರೂ ತಿನ್ನೋಣವೆನಿಸಿ ಒಂದು ತುಂಡು ಬಾಯಿಗೆ ಹಾಕಿಕೊಂಡ. ನಿಜವಾಗಿಯೂ ಸಪ್ಪೆಯಾಗಿತ್ತು. ನುಂಗಿದ, ಕಣ್ಣಲ್ಲಿ ನೀರು ಬಂತು, ಉಳಿದದ್ದನ್ನು ಮೋರಿಗೆ ಸುರಿದ. ಸಂಜೆ ಹೇಳಿಬಿಟ್ಟರೆ ಅವಳಿಂದ ಅವಳ ಗೆಲುವನ್ನು ಕಿತ್ತುಕೊಂಡ ಹಾಗೆ. ಅದನ್ನು ಕಿತ್ತ ಕೈಯಿಂದಲೇ ಬದಲಿಗೆ ಏನು ಕೊಡಬೇಕಾಗುತ್ತದೋ ಯಾರಿಗೆ ಗೊತ್ತು. ಹೇಳದಿದ್ದರೆ ಇನ್ನೊಂದು ತಿಂಗಳು ಅವಳು ಕಿಟಕಿಯಲ್ಲಿ ನಿಂತು ನಗುತ್ತಾಳೆ. ಒಂದು ತಿಂಗಳಿನಿಂದ ಏನಾಗುತ್ತದೆ? ಲೈಬ್ರರಿಯವರೂ ಹೀಗೇ ಒಂದೊಂದು ತಿಂಗಳು ಎಂದುಕೊಂಡಿದ್ದಿರಬೇಕು. ಬಿಸಿ ತುಪ್ಪ ಬಾಯಲ್ಲಿತ್ತು, ಉಗುಳಲಾರ, ನುಂಗಲಾರ. ಆದರೆ ಲಿವರ್ ತಿನ್ನಲು ಹೋಟೆಲಿಗೆ ಹೋಗುವುದನ್ನು ಅವನು ಮರೆಯಲಿಲ್ಲ. ಮೈಮೇಲೆ ಹತ್ತಲಿ, ಹಾಳಾದ್ದು ಹತ್ತಲಿ ಎನ್ನುತ್ತ ಎರಡು ಪ್ಲೇಟು ತಿಂದ.

ಡಾಕ್ಟರಮ್ಮನ ಕ್ಲಿನಿಕ್ಕಿನ ಬೆಂಚಿನಲ್ಲಿ ಹೆಂಡತಿ ಅವನ ಪಕ್ಕ ಒಗೆದು ಮಡಿಸಿಟ್ಟಿದ್ದ ಸೀರೆ ಉಟ್ಟು ಕೂತಿದ್ದಳು. ಆಚೆ ಕೂತಿದ್ದ ಹೆಂಗಸು ತನ್ನ ಗಂಡನ ಹೊಟ್ಟೆ ತೋರಿಸಿ ಏನೋ ಅಲವತ್ತುಕೊಂಡದ್ದೇ ಸಾಕಾಯಿತು, ಇವಳು ಪಥ್ಯದ ಕತೆ ಶುರುಮಾಡಿದಳು. "ಬೇಯಿಸಿದ ನೀರು ಚೆಲ್ಬೇಕು. ಅಲ್ಲೇ ಇರೋದು ಗುಟ್ಟು. ಮೊದಮೊದಲು ಇವರು ಮುಖ ಸಿಂಡರಿಸ್ತಿದ್ರು. ಈಗ ಡಬ್ಬಿ ತೊಳೆದ ಹಾಗೆ ಖಾಲಿ ಮಾಡ್ಕೊಂಡು ಬರ್ತಾರೆ." ಅವನು ಎದುರು ಗೋಡೆಯ ಸುಣ್ಣದ ಬಿರುಕು ನೋಡುತ್ತಿದ್ದ. ಕಾಲು ಸಿಡಿಯುತ್ತಿತ್ತು. ಮದುವೆಯಾದ ಹೊಸತರಲ್ಲಿ ಒಂದು ದಿನ ಅವಳು ಹೀಗೇ, ಇದೇ ಬಗೆಯ ಉಮೇದಿನಿಂದ, ಏನೋ ಸಿಹಿ ಮಾಡಿದ್ದಳು. ತಾಯಿ ನಾಲಿಗೆಗೆ ಮುಟ್ಟಿಸಿ ತಟ್ಟೆ ಸರಿಸಿದಾಗ ಅವನೂ ತಟ್ಟೆ ಸರಿಸಿದ್ದ. ಯಾಕೆ ಸರಿಸಿದೆ? ಅದು ಚೆನ್ನಾಗಿಯೇ ಇತ್ತು. ಒಳಗೆ ಕರೆದರು.

ಡಾಕ್ಟರಮ್ಮ ತೂಕ ನೋಡಿದರು, ಹಳೆಯ ತೂಕ ನೋಡಿದರು, ಹುಬ್ಬೇರಿಸಿದರು. ರಕ್ತ ಪರೀಕ್ಷೆಯ ಕಾಗದ ನೋಡಿ ಹುಬ್ಬು ಗಂಟಿಕ್ಕಿತು. ಅವನ ಎದೆ ಹಗುರವಾಯಿತು: ತಾನು ಹೇಳಬೇಕಾಗಿಲ್ಲ, ಕಾಗದವೇ ಹೇಳುತ್ತದೆ. "ತೂಕ ಇಷ್ಟು ಚೆನ್ನಾಗಿ ಇಳಿದಿದೆ, ಯೂರಿಕ್ ಆಸಿಡ್ ನೋಡಿದ್ರೆ ಏರಿದೆ," ಎಂದರು ಡಾಕ್ಟರಮ್ಮ. "ಎತ್ತು ಏರಿಗೆ, ಕೋಣ ನೀರಿಗೆ." ಹೆಂಡತಿಯ ಮುಖ ಬಾಡಿತು. ಡಾಕ್ಟರಮ್ಮ ಅದನ್ನು ಕಂಡು ಕೂಡಲೇ ನಕ್ಕರು. "ಇಲ್ಲಮ್ಮ, ಚಿಂತೆ ಬೇಡ. ತೂಕ ಬೇಗ ಇಳಿದಾಗ ಒಮ್ಮೊಮ್ಮೆ ಹೀಗಾಗುತ್ತೆ. ಆಮೇಲೆ ಸರಿಹೋಗುತ್ತೆ. ನೀವು ಮಾಡ್ತಿರೋದನ್ನ ಮುಂದುವರಿಸಿ. ಯಾರ ಕೈಲೂ ಆಗದ್ದು ನಿಮ್ಮ ಕೈಲಿ ಆಗಿದೆ." ಅದಕ್ಕೂ ಕಾರಣ ಸಿಕ್ಕಿಬಿಟ್ಟಿತು. ಬಾಗಿಲೊಂದು ಮೆತ್ತಗೆ ಮುಚ್ಚಿಕೊಂಡಂತಾಯಿತು. ಅವನು ಈ ಕಡೆ ಉಳಿದ. ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಅವಳು ಅಳುತ್ತಿದ್ದಳು, ಸಂತೋಷಕ್ಕೆ. "ನಮ್ಮತ್ತೆ ಇದನ್ನ ಕೇಳ್ಬೇಕಿತ್ತು ಡಾಕ್ಟ್ರೇ," ಎಂದಳು.

"ನಾನು ಪಥ್ಯ ಮಾಡಿಲ್ಲ," ಎಂದ ಅವನು.

ಹೆಂಡತಿ ನಕ್ಕಳು. "ಇವರದ್ದು ಯಾವಾಗ್ಲೂ ಇದೇ ತಮಾಷೆ."

"ತಮಾಷೆ ಅಲ್ಲ ಕಣೇ. ಡಬ್ಬೀದು ನಾನು ತಿಂದಿಲ್ಲ. ದಿನಾ ಹೋಟ್ಲಲ್ಲಿ ಲಿವರ್ ತಿಂತೀನಿ. ಇವತ್ತೂ ತಿಂದೆ."

ಅವಳ ಕುತ್ತಿಗೆಯಿಂದ ಕೆಂಪು ಮೇಲೇರಿ ಕಿವಿಗೆ ಬಂತು. ಆ ಕೆಂಪು ಅವನಿಗೆ ಗೊತ್ತಿತ್ತು, ನೆಂಟರ ಎದುರು ಎಷ್ಟು ಸಲ ನೋಡಿದ್ದ. ಅವನು ತನ್ನ ಅಂಗೈಗಳನ್ನು ತೊಡೆಯ ಸಂದಿಗೆ ಸೇರಿಸಿಕೊಂಡು ಕೂತ. "ಮತ್ತೆ ಆ ಡಬ್ಬಿ?" ಎಂದಳು ಮೆಲ್ಲಗೆ. "ಚೆಲ್ತಿದ್ರಾ?" ಅವನು ಹೌದೆಂದು ತಲೆಯಾಡಿಸಿದ. "ಬೆಳಿಗ್ಗೆ ಎದ್ದು ಮಾಡ್ತಿದ್ನಲ್ರೀ. ಬೀದೀಗೆಲ್ಲ ಹೇಳ್ಕೊಂಡು ಬಂದೆನಲ್ಲ. ಇಲ್ಲಿ, ಇವರ ಎದುರಿಗೆ ಹೇಳ್ಬೇಕಿತ್ತಾ? ಮನೇಲಿ ಹೇಳೋಕೆ ಬಾಯಿ ಇರ್ಲಿಲ್ವಾ ನಿಮಗೆ?" ಅವಳ ಸಿಟ್ಟು ನ್ಯಾಯವಾಗಿತ್ತು; ಮನೆಯಲ್ಲಿ ಅವನಿಗೆ ಯಾವತ್ತೂ ಬಾಯಿ ಇರಲಿಲ್ಲ. ಆದರೆ ಡಾಕ್ಟರಮ್ಮ ಅವಳ ಮಾತು ಕೇಳುತ್ತಿರಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ಕುರ್ಚಿ ಮುಂದಕ್ಕೆ ಎಳೆದುಕೊಂಡು, ಅವನ ಅಂಗಿಯ ಕುತ್ತಿಗೆಯನ್ನು, ಭುಜವನ್ನು, ಮೊದಲ ಸಲ ನೋಡುವವರ ಹಾಗೆ ನೋಡುತ್ತಿದ್ದರು.

"ಊಟ ಕಮ್ಮಿ ಮಾಡಿಲ್ಲ ಅಂತೀರಿ. ಹಾಗಾದ್ರೂ ಇಷ್ಟು ಇಳಿದಿದೆ," ಎಂದರು. "ಬೇರೆ ಏನಾದ್ರೂ ಗಮನಿಸಿದ್ದೀರಾ? ಮೂತ್ರದ ಬಣ್ಣ?"

ಅವನು ಹೇಳಿದ. ಎರಡು ಮೂರು ಸಲ ಎಂದ. ಎರಡನೇ ತಂಬಿಗೆಯನ್ನೂ ಹೇಳಿದ. ಮುಗಿದ ಮೇಲೆ ಕಾಲು ನೋವು ಕೂಡ ಇಲ್ಲದವನ ಹಾಗೆ ಮೈ ಹಗುರವಾಯಿತು, ಅದಕ್ಕೆ ನಾಚಿಕೆಯೂ ಆಯಿತು. ಡಾಕ್ಟರಮ್ಮ, ಇದು ಏನೂ ಅಲ್ಲದೆಯೂ ಇರಬಹುದು, ಕಲ್ಲು ಇರಬಹುದು, ಗೌಟ್ ಇರುವವರಿಗೆ ಕಲ್ಲೂ ಆಗುತ್ತದೆ, ಆದರೆ ನಾಳೆಯೇ ಸ್ಕ್ಯಾನ್ ಮಾಡಿಸಬೇಕು, ತಡ ಮಾಡಬಾರದು ಎಂದರು. ಅವರ ದನಿ ಮೊದಲಿಗಿಂತ ಮೆತ್ತಗಿತ್ತು. ಹೆಂಡತಿ ಅವರ ಬಾಯಿ ನೋಡಿದಳು, ಗಂಡನ ಮುಖ ನೋಡಿದಳು, ಮತ್ತೆ ಅವರ ಬಾಯಿ ನೋಡಿದಳು. ಕಿವಿಯ ಕೆಂಪು ಇಳಿದು ಮುಖ ಬಿಳಿಚಿಕೊಂಡಿತು. ಅವಳಿಗೆ ಅರ್ಥವಾಗುವುದನ್ನು ಅವನು ಕೂತು ನೋಡಬೇಕಾಯಿತು.

"ಸುಳ್ಳು ಡಾಕ್ಟ್ರೇ," ಎಂದಳು ಅವಳು ಇದ್ದಕ್ಕಿದ್ದಂತೆ. "ಇವರು ಹೇಳಿದ್ದು ನಂಬಬೇಡಿ. ಮಧ್ಯಾಹ್ನದ್ದು ಚೆಲ್ಲಿರಬಹುದು. ರಾತ್ರಿ ನನ್ನ ಎದುರಿಗೇ ಉಣ್ತಾರೆ. ನಾನೇ ಬಡಿಸ್ತೀನಿ. ಅದರಿಂದ್ಲೇ ಇಳಿದಿರೋದು. ಅಲ್ವೇನ್ರೀ? ಒಂದು ಹೊತ್ತಿನ ಪಥ್ಯಕ್ಕೂ ಇಳಿಯುತ್ತಲ್ಲ. ಇಳಿಯುತ್ತೆ ಅನ್ರೀ." ಅವಳು ಎದ್ದು ಬಂದು ಎರಡೂ ಕೈಯಿಂದ ಅವನ ತೋಳು ಹಿಡಿದಳು. "ಉಂಡಿದ್ದೀನಿ ಅಂತ ಹೇಳ್ರೀ. ನಾನೇನೂ ಬೇಜಾರು ಮಾಡ್ಕೊಳ್ಳಲ್ಲ, ಡಬ್ಬಿ ಚೆಲ್ಲಿದ್ರೆ ಚೆಲ್ಲಿ, ಉಂಡಿದ್ದೀನಿ ಅನ್ನಿ ಸಾಕು."

ಹಿತವಾದ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಜೀವಮಾನವೆಲ್ಲ ಆಡಿದ ಮಾತು, ಆಡಲು ಏನೂ ಕಷ್ಟವಿರಲಿಲ್ಲ.

"ಅದು ನನ್ನ ಎರಡನೇ ಊಟ ಕಣೇ," ಎಂದ. "ದಿನಾ ಹೊಟ್ಟೆ ತುಂಬ ತಿಂದ್ಕೊಂಡೇ ಮನೆಗೆ ಬರ್ತಿದ್ದೆ."

ಅವಳು ಕೈ ಬಿಡಲಿಲ್ಲ. ಅಂಗಿಯ ತೋಳಿನ ಮೇಲೆ ಅವಳ ಒಂದೇ ಕೈಯ ಬೆರಳುಗಳು ತೋಳನ್ನು ಪೂರ್ತಿ ಸುತ್ತಿ ಬಂದು ಹೆಬ್ಬೆರಳ ಮೇಲೆ ಕೂತಿದ್ದವು. ಅವಳು ತನ್ನ ಬೆರಳುಗಳನ್ನೇ ನೋಡುತ್ತಿದ್ದಳು.